ಒರಿಜಿನ್‌ನಲ್ಲಿ ರಿಫ್ಲೆಕ್ಷನ್ ಮಾಡಿದ್ರೆ ಅದು ರೊಟೇಶನ್ ಆಗೂದು ಹೇಗೆ?

ಪ್ರಶ್ನೆ (ಸುರತ್ಕಲ್‌ನಿಂದ ಒಬ್ಬರು ತಾಯಿ ಕೇಳಿದ್ದು): ಮಗಳು ಐಸಿಎಸ್‌ಇ ಹತ್ತನೇ ಕ್ಲಾಸ್. ರಿಫ್ಲೆಕ್ಷನ್ ಪಾಠದಲ್ಲಿ ಎಕ್ಸ್ ಆಕ್ಸಿಸ್ ಆದ್ರೆ ವೈ ಚಿಹ್ನೆ ಬದಲು, ವೈ ಆಕ್ಸಿಸ್ ಆದ್ರೆ ಎಕ್ಸ್ ಚಿಹ್ನೆ ಬದಲು, ಒರಿಜಿನ್ ಆದ್ರೆ ಎರಡೂ ಬದಲು ಅಂತ ಬಾಯಿಪಾಠ ಮಾಡಿದ್ದಾಳೆ. ಎಕ್ಸ್ = 3 ಗೆರೆಯಲ್ಲಿ ರಿಫ್ಲೆಕ್ಟ್ ಮಾಡು ಅಂದ್ರೆ ಮಾತ್ರ ಕೈಕಟ್ಟಿ ಕೂತುಬಿಡ್ತಾಳೆ. ಮೊನ್ನೆ ನನ್ನ ತಮ್ಮ ಬಂದವ "ಒರಿಜಿನ್‌ನಲ್ಲಿ ಮಾಡೂದು ರಿಫ್ಲೆಕ್ಷನ್ ಅಲ್ಲವೇ ಅಲ್ಲ, ಅದು 180 ಡಿಗ್ರಿ ರೊಟೇಶನ್" ಅಂತ ಹೇಳಿ ಹೋದ. ಅಲ್ಲಿಂದ ಅವಳಿಗೆ ಎಲ್ಲ ಕನ್ಫ್ಯೂಸ್. ಪುಸ್ತಕ ಸರಿಯಾ, ಮಾವ ಹೇಳಿದ್ದು ಸರಿಯಾ? ಈ ಪಾಠ ಅರ್ಥ ಮಾಡಿಸೂದು ಹೇಗೆ?

ಉತ್ತರ:

ಅಕ್ಕ, ಸುತ್ತಿ ಬಳಸಿ ಹೇಳೂದು ಬೇಡ, ಇಬ್ಬರೂ ಸರಿ. ಪೇಪರ್ ಮೇಲೆ ಒರಿಜಿನ್‌ನಲ್ಲಿ, ಅಂದ್ರೆ ಎರಡು ಆಕ್ಸಿಸ್ ಸೇರುವ (0, 0) ಬಿಂದುವಿನಲ್ಲಿ, ಮಾಡುವ ರಿಫ್ಲೆಕ್ಷನ್ ಮತ್ತು ಒರಿಜಿನ್ ಸುತ್ತ 180 ಡಿಗ್ರಿ ರೊಟೇಶನ್ ಎರಡೂ ಒಂದೇ, ಒಂದು ಚುಕ್ಕೆಯಷ್ಟೂ ವ್ಯತ್ಯಾಸ ಇಲ್ಲ. ನಿಮ್ಮ ತಮ್ಮ "ಅಲ್ಲವೇ ಅಲ್ಲ" ಅಂದದ್ದು ಚೂರು ಜಾಸ್ತಿ ಆಯ್ತು, ಆದ್ರೆ ಅವರು ಹಾಗೆ ಹೇಳ್ಲಿಕ್ಕೆ ಗಟ್ಟಿ ಕಾರಣ ಉಂಟು, ಯಾಕಂದ್ರೆ ಗೆರೆಯಲ್ಲಿ ಆಗುವ ರಿಫ್ಲೆಕ್ಷನ್‌ನ ಸ್ವಭಾವವೇ ಬೇರೆ, ಬಿಂದುವಿನಲ್ಲಿ ಆಗುವ ರಿಫ್ಲೆಕ್ಷನ್‌ನ ಸ್ವಭಾವವೇ ಬೇರೆ. ಅದನ್ನು ಬಿಡಿಸಿ ಹೇಳದೆ ಎರಡನ್ನೂ ಒಂದೇ ಪಾಠದಲ್ಲಿ ಒಂದೇ ಹೆಸರಿನಲ್ಲಿ ಕೊಟ್ರೆ ಯೋಚನೆ ಮಾಡುವ ಮಕ್ಕಳಿಗೆ ಗೊಂದಲ ಆಗಿಯೇ ಆಗ್ತದೆ. ನಿಮ್ಮ ಮಗಳಿಗೆ ಗೊಂದಲ ಆದದ್ದು ನಂಗೆ ಖುಷಿಯ ವಿಷಯ, ಬರೀ ಚಿಹ್ನೆ ಬದಲಿಸಿಕೊಂಡು ಹೋಗುವವರಿಗೆ ಇಂಥ ಸಂಶಯ ಬರೂದೇ ಇಲ್ಲ.

ಆ ಚಿಹ್ನೆಯ ಟೇಬಲ್ ಬಾಯಿಪಾಠ ಮಾಡಿಸೂದನ್ನು ನಾನು ಒಪ್ಪೂದಿಲ್ಲ. ಅದು ಸುಳ್ಳು ಅಂತಲ್ಲ, ಆದ್ರೆ ಅದು ಲೆಕ್ಕ ಮುಗಿದ ಮೇಲೆ ಸಿಗುವ ಫಲ, ಅದನ್ನೇ ಮೊದಲು ಕೊಟ್ರೆ ಒಳಗೆ ಎಂತ ಆಗ್ತಾ ಉಂಟು ಅಂತ ಮಗುವಿಗೆ ಕಾಣೂದೇ ಇಲ್ಲ. ನಾನು ಮಕ್ಕಳಿಗೆ ಕೇಳ್ಲಿಕ್ಕೆ ಹೇಳೂದು ಎರಡೇ ಪ್ರಶ್ನೆ. ಯಾವ ಬಿಂದು ಅಲುಗದೆ ಇದ್ದಲ್ಲೇ ಉಳೀತು? ಎ, ಬಿ, ಸಿ ಅಂತ ಹೆಸರಿಟ್ಟ ಮೂಲೆಗಳು ಮೊದಲು ಯಾವ ದಿಕ್ಕಿನಲ್ಲಿ ಸುತ್ತುತ್ತಿದ್ದವು, ಈಗ ಯಾವ ದಿಕ್ಕಿನಲ್ಲಿ ಸುತ್ತುತ್ತವೆ? ಇವೆರಡಕ್ಕೆ ಉತ್ತರ ಸಿಕ್ಕಿದ್ರೆ ಸಾಕು, ಆದದ್ದು ಎಂತ ಅಂತ ಚಿಹ್ನೆ ನೋಡದೆಯೂ ಹೇಳಬಹುದು, ಮಾವ ಸರಿಯಾ ಪುಸ್ತಕ ಸರಿಯಾ ಅಂತ ಮಗಳೇ ತೀರ್ಮಾನ ಮಾಡಬಹುದು.

ಅದಕ್ಕಿಂತ ಮೊದಲು ಒಂದು ವಿಷಯ. ಟ್ರಾನ್ಸ್‌ಫಾರ್ಮೇಶನ್ ಅಂದ್ರೆ ಒಂದು ನಿಯಮ, ಈ ಬಿಂದು ಎಲ್ಲಿಗೆ ಹೋಗ್ತದೆ ಅಂತ ಹಾಳೆಯ ಮೇಲಿನ ಒಂದೊಂದು ಬಿಂದುವಿಗೂ ಹೇಳುವ ನಿಯಮ. ತ್ರಿಕೋನ ಮಾತ್ರ ಹೋಗೂದಲ್ಲ, ಇಡೀ ಹಾಳೆಯೇ ಹೋಗ್ತದೆ, ನಾವು ಗೆರೆ ಎಳೆದದ್ದು ತ್ರಿಕೋನಕ್ಕೆ ಮಾತ್ರ ಆದ ಕಾರಣ ಅದು ಮಾತ್ರ ಕಣ್ಣಿಗೆ ಬೀಳ್ತದೆ. ಮತ್ತೆ, ಬಿಂದು ಎಲ್ಲಿಂದ ಹೊರಟಿತು ಎಲ್ಲಿ ಮುಟ್ಟಿತು ಅನ್ನೂದಷ್ಟೇ ಲೆಕ್ಕಕ್ಕೆ, ಯಾವ ದಾರಿಯಲ್ಲಿ ಹೋಯ್ತು ಅನ್ನೂದು ಲೆಕ್ಕಕ್ಕಿಲ್ಲ. ಉಡುಪಿಯಲ್ಲಿ ಕನಕದಾಸರಿಗೋಸ್ಕರ ಕೃಷ್ಣ ಪಶ್ಚಿಮಕ್ಕೆ ತಿರುಗಿ ನಿಂತ ಅಂತ ಪ್ರತೀತಿ ಉಂಟಲ್ಲ, ಪೂರ್ವದಿಂದ ಪಶ್ಚಿಮಕ್ಕೆ ಅಂದ್ರೆ 180 ಡಿಗ್ರಿ. ಎಡಗಡೆಯಿಂದ ತಿರುಗಿದ್ರೂ ಬಲಗಡೆಯಿಂದ ತಿರುಗಿದ್ರೂ ಬಂದು ನಿಲ್ಲೂದು ಪಶ್ಚಿಮಕ್ಕೇ, ಗಣಿತಕ್ಕೆ ಅವೆರಡೂ ಒಂದೇ ರೊಟೇಶನ್. ಹಾಗೆ ತಿರುಗಿದ ಮೇಲೂ ಕಡೆಗೋಲು ಬಲಗೈಯಲ್ಲೇ ಉಂಟು, ಹಗ್ಗ ಎಡಗೈಯಲ್ಲೇ ಉಂಟು, ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ರಿಫ್ಲೆಕ್ಷನ್ ಆಗಿದ್ರೆ ಕಡೆಗೋಲು ಎಡಗೈಗೆ ಬರಬೇಕಿತ್ತು. ದಾರಿ ಲೆಕ್ಕಕ್ಕಿಲ್ಲ ಅನ್ನೂದು ಒಮ್ಮೆ ಮನಸ್ಸಿಗೆ ಹೋದ್ರೆ ಒಂದೇ ಟ್ರಾನ್ಸ್‌ಫಾರ್ಮೇಶನ್‌ಗೆ ಎರಡು ಹೆಸರು ಇರೂದರಲ್ಲಿ ಆಶ್ಚರ್ಯ ಎಂತದೂ ಇಲ್ಲ, ಎರಡು ದಾರಿಯಲ್ಲಿ ಹೊರಟು ಒಂದೇ ಕಡೆ ಮುಟ್ಟಿದ್ದು ಅಷ್ಟೇ.

ಈಗ ಗ್ರಾಫ್ ಹಾಳೆ ತಗೊಳ್ಳಿ. ಎ (1, 1), ಬಿ (4, 1), ಸಿ (1, 3) ಗುರುತು ಮಾಡಿ ಸೇರಿಸಿ, ಒಂದು ಲಂಬಕೋನ ತ್ರಿಕೋನ ಬರ್ತದೆ. ಎ ಯಿಂದ ಬಿ ಗೆ, ಬಿ ಯಿಂದ ಸಿ ಗೆ, ಮತ್ತೆ ಎ ಗೆ ಬೆರಳು ಓಡಿಸಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಹೋಗ್ತದೆ, ಅಂದ್ರೆ ಅಪ್ರದಕ್ಷಿಣೆ. ಇದನ್ನು ವೈ ಆಕ್ಸಿಸ್‌ನಲ್ಲಿ ರಿಫ್ಲೆಕ್ಟ್ ಮಾಡಿದ್ರೆ (-1, 1), (-4, 1), (-1, 3). ಈಗ ಅದೇ ಎ-ಬಿ-ಸಿ ಕ್ರಮದಲ್ಲಿ ಬೆರಳು ಓಡಿಸಿದ್ರೆ ಪ್ರದಕ್ಷಿಣೆ ಬರ್ತದೆ. ಸುತ್ತು ತಿರುಗಿಬಿಟ್ಟಿತು. ಎಕ್ಸ್ ಆಕ್ಸಿಸ್‌ನಲ್ಲಿ ಮಾಡಿ ನೋಡಿ, (1, -1), (4, -1), (1, -3), ಅಲ್ಲಿಯೂ ಪ್ರದಕ್ಷಿಣೆಯೇ. ಈಗ ಒರಿಜಿನ್‌ನಲ್ಲಿ ಮಾಡಿ, (-1, -1), (-4, -1), (-1, -3). ಬೆರಳು ಓಡಿಸಿ. ಅಪ್ರದಕ್ಷಿಣೆ! ಮೊದಲಿದ್ದ ದಿಕ್ಕೇ ಉಳಿದಿದೆ. ನಿಮ್ಮ ತಮ್ಮನಿಗೆ ಸರಿ ಕಾಣದೆ ಇದ್ದದ್ದು ಇದೇ ಜಾಗ, ಗೆರೆಯಲ್ಲಿ ರಿಫ್ಲೆಕ್ಷನ್ ಮಾಡಿದ್ರೆ ಸುತ್ತು ಯಾವತ್ತೂ ತಿರುಗ್ತದೆ, ಇಲ್ಲಿ ತಿರುಗಲಿಲ್ಲ.

ಇದೇ ತ್ರಿಕೋನವನ್ನು ಟ್ರೇಸಿಂಗ್ ಪೇಪರ್‌ನಲ್ಲಿ ಇಳಿಸಿಕೊಂಡ್ರೆ ಇನ್ನೂ ಚೆಂದ, ಈ ಒಂದು ಕೆಲಸವನ್ನು ದಯವಿಟ್ಟು ಬಿಡಬೇಡಿ. ಟ್ರೇಸಿಂಗ್ ಪೇಪರ್‌ನ ಒರಿಜಿನ್ ಮೇಲೆ ಪೆನ್ಸಿಲ್ ತುದಿ ಒತ್ತಿ ಹಿಡಿದು ಅರ್ಧ ಸುತ್ತು ತಿರುಗಿಸಿದ್ರೆ ತ್ರಿಕೋನ ನೇರ ಹೋಗಿ (-1, -1), (-4, -1), (-1, -3) ಮೇಲೆ ಕೂರ್ತದೆ, ಪೇಪರನ್ನು ಮೇಲೆ ಎತ್ತುವ ಅಗತ್ಯವೇ ಬರೂದಿಲ್ಲ. ಆಕ್ಸಿಸ್‌ನಲ್ಲಿ ಆದ ರಿಫ್ಲೆಕ್ಷನ್ ಮೇಲೆ ಕೂರಿಸ್ಲಿಕ್ಕೆ ನೋಡಿ, ಎಷ್ಟು ಜಾರಿಸಿದ್ರೂ ಎಷ್ಟು ತಿರುಗಿಸಿದ್ರೂ ಕೂರೂದಿಲ್ಲ, ಪೇಪರನ್ನು ಎತ್ತಿ ಮಗುಚಿ ಹಾಕಿದ್ರೆ ಮಾತ್ರ ಕೂರ್ತದೆ. ಜಾರಿಸೂದು ಟ್ರಾನ್ಸ್‌ಲೇಶನ್, ಒಂದು ಬಿಂದು ಹಿಡಿದು ತಿರುಗಿಸೂದು ರೊಟೇಶನ್, ಮಗುಚೂದು ರಿಫ್ಲೆಕ್ಷನ್. ಕೈಗೆ ಈ ವ್ಯತ್ಯಾಸ ಗೊತ್ತಾದ ಮಗುವಿಗೆ ತಲೆಯಲ್ಲಿ ಅದು ಕಲಸಿ ಹೋಗೂದು ಕಡಿಮೆ.

ಇದನ್ನು ಮಾಡುವಾಗ ಚೌಕ, ವೃತ್ತ, ಸಮಬಾಹು ತ್ರಿಕೋನ ತಗೊಳ್ಳಬೇಡಿ. ಒರಿಜಿನ್ ನಡುವಿಗೆ ಬರುವ ಹಾಗೆ ಒಂದು ಚೌಕ ಇಟ್ಟು ಮಗುಚಿದ್ರೂ ಅದೇ ಚೌಕ, 90 ತಿರುಗಿಸಿದ್ರೂ ಅದೇ ಚೌಕ, ಮಗು ನೋಡಿ ಕಲಿಯುವಂಥದ್ದು ಅದರಲ್ಲಿ ಎಂತ ಉಂಟು ಹೇಳಿ. ಎಷ್ಟೋ ವರ್ಕ್‌ಬುಕ್‌ಗಳಲ್ಲಿ ಚಿತ್ರ ಚೆಂದ ಕಾಣಲಿ ಅಂತ ಇಂಥ ಆಕಾರಗಳನ್ನೇ ಹಾಕಿರ್ತಾರೆ, ನಂಗೆ ಅದು ಬೇಜಾರಿನ ವಿಷಯ. ಮೂರು ಬದಿಯೂ ಬೇರೆ ಬೇರೆ ಉದ್ದ ಇರುವ ತ್ರಿಕೋನ, ಇಲ್ಲದಿದ್ರೆ ರಟ್ಟಿನಲ್ಲಿ ಕತ್ತರಿಸಿದ "ಲ" ಅಕ್ಷರ, ಇಂಥದ್ದು ತಗೊಳ್ಳಿ, ಮತ್ತೆ ಮೂಲೆಗಳಿಗೆ ಹೆಸರು ಬರೀರಿ.

ಮೊದಲನೇ ಪ್ರಶ್ನೆಗೆ ಬರುವ, ಅಲುಗದೆ ಉಳಿದ ಬಿಂದು ಯಾವುದು. ನಿಮ್ಮ ಮಗಳ ಪಾಠದಲ್ಲಿ ಇನ್‌ವೇರಿಯಂಟ್ ಪಾಯಿಂಟ್ ಅಂತ ಬರೂದು ಇದೇ, ಸಾಧಾರಣ ಮಕ್ಕಳು ಅದನ್ನು ಒಂದು ಮಾರ್ಕಿನ ಪ್ರಶ್ನೆ ಅಂತ ಬಿಟ್ಟುಬಿಡ್ತಾರೆ, ನನ್ನ ಲೆಕ್ಕದಲ್ಲಿ ಪಾಠದ ಜೀವವೇ ಅದು. ಎಕ್ಸ್ ಆಕ್ಸಿಸ್‌ನಲ್ಲಿ ರಿಫ್ಲೆಕ್ಟ್ ಮಾಡಿದಾಗ (3, 0) ಎಲ್ಲಿಗೆ ಹೋಗ್ತದೆ? ಅಲ್ಲೇ ಇರ್ತದೆ. (7, 0) ಕೂಡ ಅಲ್ಲೇ. ಗೆರೆ ಮೇಲಿನ ಎಲ್ಲ ಬಿಂದುಗಳೂ ಅಲ್ಲೇ ಇರ್ತವೆ, ಗೆರೆ ಬಿಟ್ಟು ಹೊರಗಿನ ಒಂದೂ ಉಳಿಯೂದಿಲ್ಲ. ರೊಟೇಶನ್‌ನಲ್ಲಿ ಉಳಿಯೂದು ಒಂದೇ ಬಿಂದು, ಪೆನ್ಸಿಲ್ ಒತ್ತಿ ಹಿಡಿದದ್ದು. ಟ್ರಾನ್ಸ್‌ಲೇಶನ್‌ನಲ್ಲಿ ಒಂದೂ ಉಳಿಯೂದಿಲ್ಲ, ಎಲ್ಲವೂ ಒಟ್ಟಿಗೆ ಹೊರಡ್ತವೆ. ಈಗ (ಎಕ್ಸ್, ವೈ) ಹೋಗಿ (-ಎಕ್ಸ್, -ವೈ) ಆಗುವ ನಿಯಮದಲ್ಲಿ ನೋಡಿ, ಇದ್ದಲ್ಲೇ ಇರಬೇಕಾದ್ರೆ ಎಕ್ಸ್ ಮತ್ತು -ಎಕ್ಸ್ ಸಮ ಆಗಬೇಕು, ಅಂದ್ರೆ ಎಕ್ಸ್ ಸೊನ್ನೆ, ವೈ ಕೂಡ ಸೊನ್ನೆ. ಉಳಿದದ್ದು ಒರಿಜಿನ್ ಒಂದೇ. ಸುತ್ತಿನ ದಿಕ್ಕು ಬದಲಾಗಲಿಲ್ಲ, ಉಳಿದದ್ದು ಒಂದೇ ಬಿಂದು, ಹಾಗಾದ್ರೆ ಅದು ರೊಟೇಶನ್, ಮಾವ ಗೆದ್ದರು.

ಮತ್ತೆ ಪುಸ್ತಕ ಯಾಕೆ ರಿಫ್ಲೆಕ್ಷನ್ ಅಂತದೆ? ಅದಕ್ಕೂ ನ್ಯಾಯ ಉಂಟು. ಗೆರೆಯಲ್ಲಿ ರಿಫ್ಲೆಕ್ಷನ್ ಅಂದ್ರೆ ಬಿಂದುವಿನಿಂದ ಗೆರೆಗೆ ಲಂಬವಾಗಿ ಹೋಗಿ ಅಷ್ಟೇ ದೂರ ಆಚೆ ದಾಟೂದು. ಬಿಂದುವಿನಲ್ಲಿ ರಿಫ್ಲೆಕ್ಷನ್ ಅಂದ್ರೆ ಆ ಬಿಂದುವಿನ ತನಕ ನೇರ ಹೋಗಿ ಅಷ್ಟೇ ದೂರ ಆಚೆ ದಾಟೂದು. ದಾಟುವ ಕ್ರಮ ಒಂದೇ, ಅದಕ್ಕೆ ಹೆಸರೂ ಒಂದೇ. ಇನ್ನೊಂದು ಕಾರಣವೂ ಉಂಟು, ಹಾಳೆ ಬಿಟ್ಟು ಮೂರು ಆಯಾಮಕ್ಕೆ ಹೋದ್ರೆ ಎಕ್ಸ್, ವೈ, ಝಡ್ ಮೂರೂ ಚಿಹ್ನೆ ಬದಲಾದಾಗ ಬಲಗೈಯ ಗ್ಲೌಸ್ ಎಡಗೈಯದ್ದು ಆಗ್ತದೆ, ಅದನ್ನು ಯಾವ ರೊಟೇಶನ್‌ನಿಂದಲೂ ಮಾಡ್ಲಿಕ್ಕೆ ಆಗೂದಿಲ್ಲ. ಹಾಗಾಗಿ ಬಿಂದುವಿನಲ್ಲಿ ರಿಫ್ಲೆಕ್ಷನ್ ಅನ್ನುವ ಹೆಸರು ಬೇಕಾಗ್ತದೆ, ಅದು ಅರ್ಧ ಸುತ್ತಿನ ಜೊತೆ ಒಂದಾಗೂದು ಹಾಳೆಯ ಮೇಲೆ ಮಾತ್ರ.

ಎಕ್ಸ್ = 3 ಬಂದ್ರೆ ಕೂತುಬಿಡ್ತಾಳೆ ಅಂದಿರಲ್ಲ, ಅದಕ್ಕೆ ಔಷಧ ಈ "ಅಷ್ಟೇ ದೂರ ಆಚೆ" ಅನ್ನೂದೇ. ಪಿ (5, 2) ಅಂತ ಇಟ್ಟುಕೊಳ್ಳಿ. ಗೆರೆ 3ರಲ್ಲಿ ಉಂಟು, ಬಿಂದು 5ರಲ್ಲಿ ಉಂಟು, ಗೆರೆಯಿಂದ 2 ಬಲಕ್ಕೆ. ಹಾಗಾದ್ರೆ 3ರಿಂದ 2 ಎಡಕ್ಕೆ ಹೋಗಬೇಕು, 1. ಉತ್ತರ (1, 2). ಗೆರೆ ನೇರ ನಿಂತದ್ದು, ದಾಟೂದು ಅಡ್ಡಕ್ಕೆ, ಆದ ಕಾರಣ ವೈ ಹಾಗೇ ಉಳೀತು. ಇದನ್ನೇ ಸೂತ್ರ ಮಾಡಿದ್ರೆ ಎಕ್ಸ್ = ಎ ಗೆರೆಯಲ್ಲಿ ಹೊಸ ಎಕ್ಸ್ ಅಂದ್ರೆ 2ಎ - ಎಕ್ಸ್, ಇಲ್ಲಿ 6 - 5 = 1. ಎ ಸೊನ್ನೆ ಅಂತ ಹಾಕಿ ನೋಡಿ, -ಎಕ್ಸ್ ಬರ್ತದೆ, ಅವಳು ಬಾಯಿಪಾಠ ಮಾಡಿದ ವೈ ಆಕ್ಸಿಸ್ ನಿಯಮ ತಾನಾಗಿ ಅಲ್ಲೇ ಬಂತು. ಟೇಬಲ್‌ನ ಒಂದೊಂದು ಸಾಲೂ ಹೀಗೆಯೇ ಹುಟ್ಟಿದ್ದು, ಮರೆತುಹೋದ್ರೆ ಪರೀಕ್ಷೆ ಹಾಲ್‌ನಲ್ಲಿ ಕೂತು ಪುನಃ ಹುಟ್ಟಿಸಿಕೊಳ್ಳಬಹುದು.

ಈಗ ನಂಗೆ ಈ ಪಾಠದಲ್ಲಿ ತುಂಬ ಇಷ್ಟದ ಭಾಗ. ಎಕ್ಸ್ ಆಕ್ಸಿಸ್‌ನಲ್ಲಿ ಒಮ್ಮೆ, ವೈ ಆಕ್ಸಿಸ್‌ನಲ್ಲಿ ಇನ್ನೊಮ್ಮೆ ರಿಫ್ಲೆಕ್ಟ್ ಮಾಡಿ. ಒಂದು ಸಲ ವೈ ಚಿಹ್ನೆ ಹೋಯ್ತು, ಇನ್ನೊಂದು ಸಲ ಎಕ್ಸ್ ಚಿಹ್ನೆ ಹೋಯ್ತು, ಒಟ್ಟಿಗೆ (-ಎಕ್ಸ್, -ವೈ), ಅಂದ್ರೆ ಅರ್ಧ ಸುತ್ತು. ಎರಡು ಸಲ ಮಗುಚಿದ್ರೆ ಸುತ್ತಿನ ದಿಕ್ಕು ಎರಡು ಸಲ ಬದಲಾಗಿ ಮೊದಲಿನ ಹಾಗೇ ಬರ್ತದೆ, ಅದಕ್ಕೇ ಅದು ರೊಟೇಶನ್ ಆಗಿ ಕಾಣೂದು. ಎರಡು ಆಕ್ಸಿಸ್ ನಡುವೆ 90 ಡಿಗ್ರಿ, ಆದ ರೊಟೇಶನ್ 180, ಸರೀ ಡಬಲ್. ಇದು ಆಕಸ್ಮಿಕ ಅಲ್ಲ, ಒಂದನ್ನೊಂದು ಕತ್ತರಿಸುವ ಯಾವುದೇ ಎರಡು ಗೆರೆಯಲ್ಲಿ ಒಂದರ ಹಿಂದೆ ಒಂದು ರಿಫ್ಲೆಕ್ಟ್ ಮಾಡಿದ್ರೂ ಅವು ಕತ್ತರಿಸಿದ ಬಿಂದುವಿನ ಸುತ್ತ ನಡುವಿನ ಕೋನದ ಎರಡರಷ್ಟು ರೊಟೇಶನ್ ಆಗ್ತದೆ. ಎಕ್ಸ್ ಆಕ್ಸಿಸ್ ಮತ್ತು ವೈ = ಎಕ್ಸ್ ಗೆರೆ ತಗೊಳ್ಳಿ, ನಡುವೆ 45. ಮೊದಲು ಎಕ್ಸ್ ಆಕ್ಸಿಸ್‌ನಲ್ಲಿ ಮಾಡಿದ್ರೆ (ಎಕ್ಸ್, -ವೈ), ಮತ್ತೆ ವೈ = ಎಕ್ಸ್ ಗೆರೆಯಲ್ಲಿ ಮಾಡಿದ್ರೆ ಎರಡೂ ಜಾಗ ಬದಲಾಯಿಸಿ (-ವೈ, ಎಕ್ಸ್), ಇದು 90 ಡಿಗ್ರಿ ಅಪ್ರದಕ್ಷಿಣ ರೊಟೇಶನ್. ಕ್ರಮ ಹಿಂದುಮುಂದು ಮಾಡಿದ್ರೆ (ವೈ, -ಎಕ್ಸ್), 90 ಪ್ರದಕ್ಷಿಣ. ಅಂದ್ರೆ ಯಾವುದನ್ನು ಮೊದಲು ಮಾಡ್ತೇವೆ ಅನ್ನೂದರ ಮೇಲೆ ಉತ್ತರವೇ ಬೇರೆ. ಎರಡು ಆಕ್ಸಿಸ್‌ಗಳ ವಿಷಯದಲ್ಲಿ ಕ್ರಮ ಬದಲಾದ್ರೂ ತೊಂದರೆ ಆಗದೆ ಇದ್ದದ್ದು 180ಕ್ಕೆ ಯಾವ ದಿಕ್ಕಾದ್ರೂ ಒಂದೇ ಅನ್ನುವ ಕಾರಣಕ್ಕೆ ಮಾತ್ರ.

ಇದನ್ನು ಕಣ್ಣಲ್ಲೇ ನೋಡಬಹುದು, ಮನೆಯಲ್ಲಿ ಎರಡು ಕನ್ನಡಿ ಇದ್ರೆ ಸಾಕು. ಎರಡನ್ನೂ ಮೇಜಿನ ಮೇಲೆ ನೇರ ನಿಲ್ಲಿಸಿ, ಅಂಚಿಗೆ ಅಂಚು ತಾಗಿಸಿ, ತೆರೆದಿಟ್ಟ ಪುಸ್ತಕದ ಹಾಗೆ ಸರಿಯಾಗಿ 90 ಡಿಗ್ರಿ ಬರುವಂತೆ ಇಡಿ. ಈಗ ಒಂದು ಪೇಪರ್‌ನ ಹೆಡ್‌ಲೈನ್, ನಿಮ್ಮ ಮನೆಗೆ ಬರುವ ಉದಯವಾಣಿಯೋ ಯಾವುದೋ, ಕನ್ನಡಿಗೆ ಮುಖ ಮಾಡಿ ಹಿಡಿಯಿರಿ. ಒಂದು ಕನ್ನಡಿಯಲ್ಲಿ ಮಾತ್ರ ನೋಡಿದ್ರೆ ಅಕ್ಷರ ಉಲ್ಟಾ, ಓದ್ಲಿಕ್ಕೆ ಆಗೂದಿಲ್ಲ. ಎರಡು ಕನ್ನಡಿ ಸೇರುವ ಮೂಲೆಯಲ್ಲಿ ಕಾಣುವ ಪ್ರತಿಬಿಂಬ ನೋಡಿ, ಹೆಡ್‌ಲೈನ್ ಸರಾಗವಾಗಿ ಓದಬಹುದು! ಬೆಳಕು ಎರಡು ಸಲ ಪ್ರತಿಫಲಿಸಿ ಬಂದ ಕಾರಣ ಆ ಬಿಂಬ ಅರ್ಧ ಸುತ್ತು ತಿರುಗಿದ ಪೇಪರ್, ಮಗುಚಿದ ಪೇಪರ್ ಅಲ್ಲ. ಮಗಳ ಹತ್ರ ಆ ಮೂಲೆಗೆ ಮುಖ ಕೊಟ್ಟು ಬಲಗೈ ಎತ್ತಲಿಕ್ಕೆ ಹೇಳಿ, ಎದುರಿನವಳೂ ತನ್ನ ಬಲಗೈಯನ್ನೇ ಎತ್ತುತ್ತಾಳೆ. ಬೇರೆಯವರು ನಮ್ಮನ್ನು ನೋಡುವ ಮುಖ ಅದು, ಬೈತಲೆ ಅಡ್ಡ ತೆಗೆಯುವವರಿಗೆ ಮೊದಲ ಸಲ ನೋಡುವಾಗ ಏನೋ ಸರಿ ಇಲ್ಲ ಅಂತ ಕಾಣ್ತದೆ.

ಎರಡು ಗೆರೆ ಕತ್ತರಿಸದೆ ಸಮಾಂತರ ಇದ್ರೆ? ಎಕ್ಸ್ = 1ರಲ್ಲಿ ಮೊದಲು, ಎಕ್ಸ್ = 4ರಲ್ಲಿ ಮತ್ತೆ ಮಾಡಿ. ಮೊದಲನೆಯದ್ದಕ್ಕೆ 2 - ಎಕ್ಸ್, ಎರಡನೆಯದ್ದಕ್ಕೆ 8ರಿಂದ ಅದನ್ನು ಕಳೆದ್ರೆ ಎಕ್ಸ್ + 6. ಎಲ್ಲ ಬಿಂದುವೂ 6 ಬಲಕ್ಕೆ ಜಾರಿತು, ಇದು ಟ್ರಾನ್ಸ್‌ಲೇಶನ್. ಗೆರೆಗಳ ನಡುವಿನ ದೂರ 3, ಜಾರಿದ್ದು 6, ಇಲ್ಲಿಯೂ ಡಬಲ್. ಸೆಲೂನ್‌ನಲ್ಲಿ ಹಿಂದೆ ಮುಂದೆ ಎರಡೂ ಗೋಡೆಗೆ ಕನ್ನಡಿ ಇದ್ದಲ್ಲಿ ಕೂತಾಗ ಒಳಗೆ ಒಳಗೆ ಸಾಲಾಗಿ ಬಿಂಬ ಕಾಣ್ತದಲ್ಲ, ಅದರಲ್ಲಿ ಒಂದು ಬಿಟ್ಟು ಒಂದು ಹೀಗೆ ಜಾರಿಸಿದ್ದು.

ಅಂದ್ರೆ ರೊಟೇಶನ್, ಟ್ರಾನ್ಸ್‌ಲೇಶನ್ ಎರಡೂ ರಿಫ್ಲೆಕ್ಷನ್‌ನಿಂದಲೇ ಹುಟ್ಟುತ್ತವೆ. ಇನ್ನೂ ಗಟ್ಟಿ ಮಾತೇ ಹೇಳಬಹುದು, ಹಾಳೆಯ ಮೇಲೆ ಎಲ್ಲಿ ಬೇಕಾದ್ರೂ ಎರಡು ಸರ್ವಸಮ ತ್ರಿಕೋನ ಇಡಿ, ಒಂದನ್ನು ಇನ್ನೊಂದರ ಮೇಲೆ ಕೂರಿಸ್ಲಿಕ್ಕೆ ಮೂರು ರಿಫ್ಲೆಕ್ಷನ್‌ಗಿಂತ ಜಾಸ್ತಿ ಬೇಡವೇ ಬೇಡ. ಮೊದಲನೆಯದ್ದರಲ್ಲಿ ಎ ಯನ್ನು ಅದರ ಜಾಗಕ್ಕೆ ಮುಟ್ಟಿಸೂದು, ಎರಡನೆಯದ್ದರಲ್ಲಿ ಎ ಅಲುಗದ ಹಾಗೆ ಬಿ ಯನ್ನು ಮುಟ್ಟಿಸೂದು, ಆಮೇಲೂ ಸಿ ಆಚೆ ಬದಿಯಲ್ಲಿ ಉಳಿದಿದ್ರೆ ಎ-ಬಿ ಗೆರೆಯಲ್ಲೇ ಒಮ್ಮೆ ಮಗುಚೂದು, ಮುಗೀತು. ಇದರಿಂದ ಉದ್ದ ಮತ್ತು ಕೋನ ಬದಲಾಯಿಸದ ಟ್ರಾನ್ಸ್‌ಫಾರ್ಮೇಶನ್ ಹಾಳೆಯ ಮೇಲೆ ನಾಲ್ಕೇ ಜಾತಿ ಅಂತ ಗೊತ್ತಾಗ್ತದೆ, ರಿಫ್ಲೆಕ್ಷನ್, ರೊಟೇಶನ್, ಟ್ರಾನ್ಸ್‌ಲೇಶನ್, ಮತ್ತೆ ನಾಲ್ಕನೆಯದ್ದು ಗ್ಲೈಡ್ ರಿಫ್ಲೆಕ್ಷನ್, ಗೆರೆ ಉದ್ದಕ್ಕೆ ಜಾರಿಸಿ ಆ ಗೆರೆಯಲ್ಲೇ ಮಗುಚೂದು. ಪಣಂಬೂರು ಬೀಚಲ್ಲಿ ಒದ್ದೆ ಮರಳ ಮೇಲೆ ನೇರ ನಡೆದು ಹಿಂದೆ ತಿರುಗಿ ನೋಡಿದ್ರೆ ಎಡ ಹೆಜ್ಜೆ ಬಲ ಹೆಜ್ಜೆ ಬಿದ್ದಿರ್ತದಲ್ಲ, ಅದೇ ಗ್ಲೈಡ್ ರಿಫ್ಲೆಕ್ಷನ್. ಮಗಳು ಒಂಬತ್ತನೇ ಕ್ಲಾಸಲ್ಲಿ ಕಲಿತ ಸರ್ವಸಮತೆ ಪಾಠ ಮತ್ತು ಈಗಿನ ಈ ಪಾಠ ಬೇರೆ ಬೇರೆ ಅಲ್ಲ ಅಂತ ಅವಳಿಗೆ ಹೇಳಿ, ಯೂಕ್ಲಿಡ್ ಕೂಡ ಎರಡು ಬದಿ ಮತ್ತು ನಡುವಿನ ಕೋನ ಸಮ ಇದ್ರೆ ತ್ರಿಕೋನ ಸರ್ವಸಮ ಅಂತ ತೋರಿಸುವಾಗ ಒಂದನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟೇ ತೋರಿಸಿದ್ದು. 1872ರಲ್ಲಿ ಜರ್ಮನಿಯ ಎರ್ಲಾಂಗನ್‌ನಲ್ಲಿ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜ್ಯಾಮಿತಿ ಅಂದ್ರೇನೇ ಇದು ಅಂದರು, ಯಾವ ಟ್ರಾನ್ಸ್‌ಫಾರ್ಮೇಶನ್‌ಗಳನ್ನು ಒಪ್ತೇವೋ ಅವುಗಳಲ್ಲಿ ಬದಲಾಗದೆ ಉಳಿಯುವ ಗುಣಗಳ ಅಧ್ಯಯನ. ಆಗ ಅವರಿಗೆ ಬರೀ 23 ವರ್ಷ. ಬದಲಾಗದೆ ಉಳಿದದ್ದು ಎಂತ ಅಂತ ಕೇಳಿ ಅಂತ ನಾನು ಮೊದಲೇ ಹೇಳಿದ್ದರ ಹಿಂದೆ ಇರೂದು ಅವರ ಆ ಯೋಚನೆಯೇ.

ನಮ್ಮ ಊರಿನದ್ದೇ ಒಂದು ಉದಾಹರಣೆ ಹೇಳ್ತೇನೆ, ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ದೇಶ ವಿದೇಶಕ್ಕೆ ಹೋದದ್ದು ನಿಮಗೆ ಗೊತ್ತುಂಟು. ಒಂದು ಹಂಚು ಕೈಯಲ್ಲಿ ಹಿಡಿದು ನೋಡಿ, ಉದ್ದದ ಒಂದು ಅಂಚಿನಲ್ಲಿ ತೋಡು ಉಂಟು, ಇನ್ನೊಂದು ಅಂಚು ಪಕ್ಕದ ಹಂಚಿನ ತೋಡಿನ ಮೇಲೆ ಕೂರ್ತದೆ, ಮಳೆ ನೀರು ಒಳಗೆ ಇಳಿಯದೆ ಇರೂದು ಆ ಜೋಡಣೆಯಿಂದ. ಎಡ ಬಲ ಬೇರೆ, ತಲೆ ಬುಡವೂ ಬೇರೆ, ಅಂದ್ರೆ ಈ ಹಂಚಿಗೆ ಸಿಮೆಟ್ರಿಯೇ ಇಲ್ಲ. ಮಾಡಿನ ಒಂದು ಬದಿಯಲ್ಲಿ ಸಾಲಾಗಿ ಇಡೂದು ಬರೀ ಟ್ರಾನ್ಸ್‌ಲೇಶನ್, ಒಂದನ್ನೇ ಪಕ್ಕಕ್ಕೆ ಮೇಲಕ್ಕೆ ಜಾರಿಸಿದ ಹಾಗೆ. ಈಗ ಪ್ರಶ್ನೆ, ಮನೆಯ ಆಚೆ ಬದಿಯ ಇಳಿಜಾರು ಈಚೆ ಬದಿಯ ರಿಫ್ಲೆಕ್ಷನ್ ಹೌದಾ? ದೂರದಿಂದ ನೋಡಿದ್ರೆ ಹೌದು ಅಂತಲೇ ಕಾಣ್ತದೆ, ಕೋಡಿನ ಎರಡೂ ಬದಿ ಒಂದೇ ನಮೂನೆ. ಆದ್ರೆ ಹಂಚುಗಳನ್ನು ಲೆಕ್ಕಕ್ಕೆ ತಗೊಂಡ್ರೆ ಅಲ್ಲ. ಅಂಗಳದಲ್ಲಿ ನಿಂತು ನೋಡುವಾಗ ತೋಡು ಬಲಕ್ಕೆ ಉಂಟು ಅಂತ ಇಟ್ಟುಕೊಳ್ಳಿ. ಹಿತ್ತಲಿಗೆ ಹೋಗಿ ಆ ಬದಿಯ ಮಾಡಿಗೆ ಮುಖ ಮಾಡಿ ನಿಂತ್ರೆ ಅಲ್ಲಿಯೂ ತೋಡು ನಿಮ್ಮ ಬಲಕ್ಕೇ. ನಿಜವಾದ ರಿಫ್ಲೆಕ್ಷನ್ ಆಗಿದ್ರೆ ಅಲ್ಲಿ ಎಡಕ್ಕೆ ಬರಬೇಕಿತ್ತು, ಅಂಥ ಹಂಚು ಬೇಕಾದ್ರೆ ಕಾರ್ಖಾನೆಯಲ್ಲಿ ಬೇರೆಯೇ ಅಚ್ಚು ಮಾಡಬೇಕಿತ್ತು. ಆಚೆ ಬದಿ ಅಂದ್ರೆ ಈಚೆ ಬದಿಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟದ್ದು, ಅದಕ್ಕೇ ಇಡೀ ಮನೆಗೆ ಒಂದೇ ಅಚ್ಚಿನ ಹಂಚು ಸಾಕಾಗೂದು. ಚಪ್ಪಲಿಗೆ ಆ ಸೌಕರ್ಯ ಇಲ್ಲ, ಎಡಗಾಲಿನದ್ದು ಬಲಗಾಲಿನದ್ದರ ರಿಫ್ಲೆಕ್ಷನ್, ಎಷ್ಟು ತಿರುಗಿಸಿದ್ರೂ ಒಂದು ಇನ್ನೊಂದಾಗೂದಿಲ್ಲ, ಎರಡಕ್ಕೂ ಬೇರೆ ಬೇರೆ ಅಚ್ಚು ಬೇಕೇ ಬೇಕು.

ಎನ್‌ಲಾರ್ಜ್‌ಮೆಂಟ್ ಬಗ್ಗೆ ಸ್ವಲ್ಪ. ಇದು ಸಿಮಿಲಾರಿಟಿ ಪಾಠದಲ್ಲಿ ಬರ್ತದೆ, ಕೋನ ಹಾಗೇ ಉಳೀತದೆ, ಉದ್ದ ಮಾತ್ರ ಒಂದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಆಗ್ತದೆ. ಉದ್ದ ಎರಡರಷ್ಟು ಆದ್ರೆ ಏರಿಯಾ ನಾಲ್ಕರಷ್ಟು, ಇದರಲ್ಲಿ ಮಕ್ಕಳು ಎಡವೂದು ಜಾಸ್ತಿ. ಝೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯನ್ನು ಎ3ಗೆ ದೊಡ್ಡದು ಮಾಡುವಾಗ ಮೆಷಿನ್‌ನಲ್ಲಿ 141% ಅಂತ ತೋರಿಸ್ತದೆ, 200% ಅಲ್ಲ, ಎ3 ಅಂದ್ರೆ ಎರಡು ಎ4 ಸೇರಿಸಿದಷ್ಟು ಆದ್ರೂ ಕೂಡ. ಬದಿ 1.41ರಷ್ಟು, ಅದನ್ನು ಅದರಿಂದಲೇ ಗುಣಿಸಿದ್ರೆ ಸಾಧಾರಣ 2, ಏರಿಯಾ ಡಬಲ್. ಮತ್ತೆ ನಿಮ್ಮ ಮನೆಯ ಜಗಳಕ್ಕೆ ಇನ್ನೊಂದು ವಿಷಯ, ಒರಿಜಿನ್‌ನಿಂದ -1 ಪ್ರಮಾಣದ ಎನ್‌ಲಾರ್ಜ್‌ಮೆಂಟ್ ಮಾಡಿದ್ರೂ (-ಎಕ್ಸ್, -ವೈ) ಬರ್ತದೆ. ಐಜಿಸಿಎಸ್‌ಇ ಮಕ್ಕಳಿಗೆ ನೆಗೆಟಿವ್ ಪ್ರಮಾಣದ್ದೂ ಉಂಟು. ಅಂದ್ರೆ ಒಂದೇ ಟ್ರಾನ್ಸ್‌ಫಾರ್ಮೇಶನ್‌ಗೆ ಈಗ ಮೂರು ಹೆಸರಾಯ್ತು, ಮೂರೂ ಸರಿ.

ಪರೀಕ್ಷೆಗೆ ಎಂತ ಮಾಡೂದು ಅಂತ ನೀವು ಕೇಳಿಯೇ ಕೇಳ್ತೀರಿ. ಪ್ರಶ್ನೆಯಲ್ಲಿ ಒರಿಜಿನ್‌ನಲ್ಲಿ ರಿಫ್ಲೆಕ್ಷನ್ ಅಂತ ಇದ್ರೆ ಉತ್ತರದಲ್ಲೂ ಹಾಗೇ ಬರೀಲಿ, ಮಾವನ ಮಾತು ತಲೆಯಲ್ಲಿ ಇರಲಿ, ಪೇಪರ್‌ನಲ್ಲಿ ವಾದ ಬೇಡ. ಗೆರೆಯಲ್ಲಿ ರಿಫ್ಲೆಕ್ಷನ್ ಆದ್ರೆ ಗ್ರಾಫ್‌ನಲ್ಲಿ ಮೊದಲು ಕನ್ನಡಿ ಗೆರೆಯನ್ನು ಗಾಢವಾಗಿ ಎಳೀಲಿ, ಒಂದೊಂದು ಮೂಲೆಯನ್ನೂ ಚೌಕ ಎಣಿಸಿ ದಾಟಿಸಲಿ, ಹೆಸರು ಹಾಕಲಿ, ಕೊನೆಗೆ ಎ-ಬಿ-ಸಿ ಬೆರಳು ಓಡಿಸಿ ಸುತ್ತು ತಿರುಗಿದೆಯಾ ಅಂತ ನೋಡಲಿ, ತಿರುಗದಿದ್ರೆ ಎಲ್ಲೋ ಒಂದು ಚಿಹ್ನೆ ತಪ್ಪಿದೆ ಅಂತ ಅಲ್ಲೇ ಗೊತ್ತಾಗ್ತದೆ. ಆದ ಟ್ರಾನ್ಸ್‌ಫಾರ್ಮೇಶನ್ ಯಾವುದು ಅಂತ ವಿವರಿಸ್ಲಿಕ್ಕೆ ಹೇಳಿದ್ರೆ ಬರೀ ಹೆಸರು ಬರೆದು ಬಿಡೂದಲ್ಲ, ರಿಫ್ಲೆಕ್ಷನ್‌ಗೆ ಗೆರೆ ಯಾವುದು ಅಂತ ಬರೀಬೇಕು, ಟ್ರಾನ್ಸ್‌ಲೇಶನ್‌ಗೆ ಬಲಕ್ಕೆ ಎಷ್ಟು ಮೇಲಕ್ಕೆ ಎಷ್ಟು, ಎನ್‌ಲಾರ್ಜ್‌ಮೆಂಟ್‌ಗೆ ಕೇಂದ್ರ ಮತ್ತು ಪ್ರಮಾಣ, ರೊಟೇಶನ್‌ಗೆ ಕೇಂದ್ರ, ಕೋನ, ದಿಕ್ಕು ಮೂರೂ. 180 ಡಿಗ್ರಿ ಆದ್ರೆ ಮಾತ್ರ ದಿಕ್ಕು ಬರೆಯದಿದ್ರೂ ನಡೀತದೆ, ಯಾಕೆ ಅಂತ ಈಗ ಅವಳೇ ನಿಮಗೆ ಹೇಳ್ತಾಳೆ.